ಟ್ರೂಸಮ್ಮನ ನೂರೆಂಬತ್ತು ಮೀಟರ್

ಮನೆಯಿಂದ ಶಾಲೆಗೆ ಹನ್ನೊಂದು ನಿಮಿಷದ ದಾರಿ. ಅದರಲ್ಲಿ ಎಂಟು ನಿಮಿಷ ಸಿಂಧು ಎಲ್ಲರಂತೆ ನಡೆಯುತ್ತಿದ್ದಳು. ಉಳಿದ ಮೂರು ನಿಮಿಷ ಜೀವವನ್ನು ಅಂಗೈಯಲ್ಲಿ ಹಿಡಿದುಕೊಂಡು ನಡೆಯುತ್ತಿದ್ದಳು.

ಕಾರ್ಕ್ ನಗರದ ಡಗ್ಲಸ್‌ನ ಅಂಚಿನ ಆ ಹೊಸ ಬಡಾವಣೆಯನ್ನು ಕಟ್ಟಿದವರು ತಮ್ಮ ಗಡಿಯವರೆಗೆ ಚೊಕ್ಕವಾಗಿ ಫುಟ್‌ಪಾತ್ ಹಾಕಿ ಕೈ ತೊಳೆದುಕೊಂಡಿದ್ದರು. ಆ ತುದಿಯಲ್ಲಿ ಕೌನ್ಸಿಲ್‌ನವರ ಫುಟ್‌ಪಾತ್ ಶಾಲೆಯ ಗೇಟಿನಿಂದ ಹೊರಟು, ಮುದುಕ ಕ್ರೌಲಿಯ ಹೊಲದ ಮೂಲೆಗೆ ಬಂದು ನಿಂತುಬಿಟ್ಟಿತ್ತು. ನಡುವಿನ ನೂರೆಂಬತ್ತು ಮೀಟರ್ ಯಾರಿಗೂ ಸೇರಿದ್ದಲ್ಲ ಎಂಬಂತಿತ್ತು. ಒಂದು ಮಗ್ಗುಲಿಗೆ ಆಳೆತ್ತರದ ಮುಳ್ಳುಗಿಡಗಳ ಬೇಲಿ, ಇನ್ನೊಂದು ಮಗ್ಗುಲಿಗೆ ಚರಂಡಿ, ನಡುವೆ ಎರಡು ಕಾರುಗಳು ಕನ್ನಡಿ ಮಡಚಿಕೊಂಡು ದಾಟುವಷ್ಟು ರಸ್ತೆ. ಸಿಂಧು ಒಂದು ಕೈಯಲ್ಲಿ ಎಂಟು ತಿಂಗಳ ಪಾಪುವಿನ ಗಾಡಿ ತಳ್ಳುತ್ತ, ಇನ್ನೊಂದು ಕೈಯಲ್ಲಿ ಐದು ವರ್ಷದ ಶ್ರೀನಿಧಿಯನ್ನು ಹಿಡಿದು, ಹಿಂದಿನಿಂದ ಬರುವ ಪ್ರತಿ ಇಂಜಿನ್ನಿನ ಸದ್ದಿಗೂ ಬೇಲಿಗೆ ಅಂಟಿಕೊಳ್ಳುತ್ತಿದ್ದಳು.

"ಮ್ಯಾಮ್, ಯು ಆರ್ ಸ್ಕ್ವಿಶಿಂಗ್ ಮೀ ಹ್ಯಾಂಡ್!" ಎಂದು, ಕೈ ಹಿಸುಕಿದ್ದಕ್ಕೆ, ಶ್ರೀನಿಧಿ ಕಾರ್ಕ್ ಕಡೆಯ ಅಪ್ಪಟ ಐರಿಶ್ ರಾಗದಲ್ಲಿ ಕಿರುಚುತ್ತಿದ್ದ.

"ಸುಮ್ನೆ ನಡಿ. ಲಾರಿ ಬರ್ತಿದೆ."

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಹಾಲಿನ ಲಾರಿಯ ಕನ್ನಡಿ ಅವಳ ಕೊಡೆಯನ್ನು ಸವರಿಕೊಂಡು ಹೋಯಿತು. ಕೊಡೆ ಕೈಯಿಂದ ಹಾರಿ ಚರಂಡಿಗೆ ಬಿತ್ತು. ಸಿಂಧು ಇಬ್ಬರು ಮಕ್ಕಳನ್ನೂ ಬೇಲಿಗೆ ಒತ್ತಿ ಹಿಡಿದು ನಿಂತುಬಿಟ್ಟಳು. ಆಗ ಹಿಂದಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ, ಹಳದಿ ಜಾಕೆಟ್ ತೊಟ್ಟ ಎತ್ತರದ ಮುದುಕಿಯೊಬ್ಬಳು ಕೆಳಗಿಳಿದು ಸೈಕಲ್ಲನ್ನು ರಸ್ತೆಗೆ ಅಡ್ಡ ಹಿಡಿದು ನಿಂತಳು. ನಾಲ್ಕು ಕಾರು ನಿಂತವು. ಒಬ್ಬ ಹಾರ್ನ್ ಒತ್ತಿದ.

"ಎರಡು ನಿಮಿಷ ತಡವಾದ್ರೆ ನಿನ್ನ ಆಫೀಸ್ ಎಲ್ಲಿಗೂ ಓಡಿಹೋಗಲ್ಲ" ಎಂದು ಅವನತ್ತ ಕೂಗಿ, ಸಿಂಧುವಿನ ಕಡೆ ತಿರುಗಿ, "ನಡಿ. ಅಳೋದು ಆ ಕಡೆ ಹೋದ್ಮೇಲೆ" ಎಂದಳು. ಹಾಗೆಯೇ ಸೈಕಲ್ಲನ್ನು ಅಡ್ಡವಾಗಿ ತಳ್ಳಿಕೊಂಡು, ಹಿಂದೆ ಕಾರುಗಳ ಮೆರವಣಿಗೆ ಕಟ್ಟಿಕೊಂಡು, ನೂರೆಂಬತ್ತು ಮೀಟರ್ ಅವರ ಜೊತೆ ನಡೆದಳು.

ಅವಳ ಹೆಸರು ಟ್ರೂಸ್ ಫೇನ್‌ಸ್ತ್ರಾ. ಅರವತ್ತಾರು ವರ್ಷ, ಹಾಲೆಂಡಿನವಳು. ಮಗಳು ಇಲ್ಲಿನ ಔಷಧಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಗಂಡ ತೀರಿಕೊಂಡ ಮೇಲೆ ಟ್ರೂಸ್ ಮಗಳ ಹತ್ತಿರ ಬಂದು, ಅದೇ ಬಡಾವಣೆಯ ಕೊನೆಯ ಮನೆಯಲ್ಲಿ ಬೇರೆಯಾಗಿ ಆರು ವರ್ಷದಿಂದ ಇದ್ದಳು. ತಾಯಿಯ ವಯಸ್ಸಿನವಳನ್ನು ಬರೀ ಹೆಸರು ಹಿಡಿದು ಕರೆಯಲು ಸಿಂಧುವಿಗೆ ನಾಲಿಗೆ ಏಳಲಿಲ್ಲ. 'ಮಿಸೆಸ್ ಫೇನ್‌ಸ್ತ್ರಾ' ಎಂದಳು. "ಅದು ನನ್ನ ಅತ್ತೆ. ಸತ್ತು ಇಪ್ಪತ್ತು ವರ್ಷ ಆಯ್ತು" ಎಂದಳು ಟ್ರೂಸ್. ಸಂಜೆ ಆಸ್ಪತ್ರೆಯ ಕೆಲಸ ಮುಗಿಸಿ ಬಂದ ಗಂಡ ಅಭಿ ಕಥೆಯನ್ನೆಲ್ಲ ಕೇಳಿ, "ಹಾಗಾದ್ರೆ ಟ್ರೂಸಮ್ಮ ಅನ್ನು, ಮುಗೀತು" ಎಂದ. ಆ ಮನೆಯಲ್ಲಿ ಅಂದಿನಿಂದ ಅವಳು ಟ್ರೂಸಮ್ಮನೇ.

ಟ್ರೂಸಮ್ಮನ ಚರಿತ್ರೆ ಸಿಂಧುವಿಗೆ ಒಂದೇ ಸಲಕ್ಕೆ ಸಿಕ್ಕಿದ್ದಲ್ಲ. ಪಾಪುವಿಗೆ ಕೆಮ್ಮು ಬಂದ ದಿನ ಸ್ವಲ್ಪ, ಬಟ್ಟೆ ಮಡಚುವಾಗ ಸ್ವಲ್ಪ, ಹೀಗೆ ತುಣುಕು ತುಣುಕಾಗಿ. ಹಾಲೆಂಡಿನ ಉತ್ತರಕ್ಕೆ, ಹೊಲಕ್ಕಿಂತ ಕಾಲುವೆಗಳೇ ಹೆಚ್ಚಿರುವ ಒಂದು ಊರು. ಅಪ್ಪ ದೋಣಿಯಲ್ಲಿ ಮನೆಮನೆಯ ಹಾಲು ಕೂಡಿಸಿ ತರುತ್ತಿದ್ದ. ಹತ್ತೊಂಬತ್ತಕ್ಕೆ ಟ್ರೂಸ್ ಜಲಮಂಡಳಿಯಲ್ಲಿ ಟೈಪಿಸ್ಟ್ ಆದಳು. ಅಲ್ಲಿ ಕಾಲುವೆಗಳನ್ನೂ ಒಡ್ಡುಗಳನ್ನೂ ನೋಡಿಕೊಳ್ಳುವುದಕ್ಕೇ ಒಂದು ಸಣ್ಣ ಸರ್ಕಾರವಿದೆ, ಅದಕ್ಕೂ ಚುನಾವಣೆ ನಡೆಯುತ್ತದೆ ಎಂದು ಕೇಳಿ ಸಿಂಧುವಿಗೆ ನಗು ಬಂತು. "ನಗಬೇಡ. ಆ ಸರ್ಕಾರ ಒಂದು ವಾರ ರಜ ಹಾಕಿದ್ರೆ ಅರ್ಧ ದೇಶ ಮುಳುಗುತ್ತೆ" ಎಂದಳು ಟ್ರೂಸಮ್ಮ.

ಮೂವತ್ತೊಂದಕ್ಕೆ ಊರಿನ ಕೌನ್ಸಿಲ್ಲಿಗೆ ನಿಂತಳು. ಕಾರಣ ಒಂದು ಸೇತುವೆ. ದೋಣಿಗಳಿಗೆ ದಾರಿ ಬಿಡಲು ಅದು ಎದ್ದು ನಿಲ್ಲುತ್ತಿದ್ದುದು ಸರಿಯಾಗಿ ಶಾಲೆಯ ಹೊತ್ತಿಗೆ. ಮಕ್ಕಳು ದಿನಾ ಮಳೆಯಲ್ಲಿ ಕಾಯುತ್ತಿದ್ದರು. ಆ ಸಮಯವನ್ನು ಕಾಲು ಗಂಟೆ ಹಿಂದಕ್ಕೆ ಹಾಕಿಸಲು ಅವಳಿಗೆ ಎರಡು ವರ್ಷ ಹಿಡಿಯಿತು. ಮುಂದೆ ಅದೇ ಊರಿನ ಆಡಳಿತ ಮಂಡಳಿಯಲ್ಲಿ ರಸ್ತೆ, ಚರಂಡಿಗಳನ್ನು ನೋಡಿಕೊಂಡಳು. ಊರಿನ ಮಟ್ಟಕ್ಕೆ ಮಂತ್ರಿ ಇದ್ದ ಹಾಗೆ. ಆಮೇಲೆ ಪಕ್ಷದವರು ಅವಳನ್ನು ಹೇಗ್ ನಗರಕ್ಕೆ, ದೇಶದ ಪಾರ್ಲಿಮೆಂಟಿಗೆ ಕಳಿಸಿದರು.

"ಪಾರ್ಲಿಮೆಂಟಿಗಾ?" ಅಭಿ ಚಹಾದ ಲೋಟ ಕೆಳಗಿಟ್ಟ. "ಎಂಪಿ ಆಗಿದ್ದೋರು ಸೈಕಲ್ಲಲ್ಲಿ ಓಡಾಡ್ತಾರಾ? ನಮ್ಮಲ್ಲಿ ಪಂಚಾಯ್ತಿ ಮೆಂಬರ್ ಆದ್ರೆ ಸಾಕು, ದೊಡ್ಡ ಕಾರು, ಹಿಂದೆ ನಾಲ್ಕು ಜನ."

"ನಾಲ್ಕು ವರ್ಷ ಇದ್ದೆ" ಎಂದಳು ಟ್ರೂಸಮ್ಮ. "ಹಾಲಿನ ನೀತಿ ಬಗ್ಗೆ ಆರು ನಿಮಿಷ ಮಾತಾಡೋದಕ್ಕೆ ಆರು ವಾರ ತಯಾರಿ. ಕೇಳೋಕೆ ಹನ್ನೊಂದು ಜನ, ಅದರಲ್ಲಿ ಇಬ್ಬರು ನಿದ್ದೆ. ಮುಂದಿನ ಚುನಾವಣೆಲಿ ಪಕ್ಷದ ಪಟ್ಟಿಯಲ್ಲಿ ನನ್ನ ಹೆಸರು ಒಂಬತ್ತನೇದು. ನಮ್ಮಲ್ಲಿ ಪಕ್ಷಕ್ಕೆ ಎಷ್ಟು ಸೀಟು ಬರುತ್ತೋ, ಪಟ್ಟಿಯ ಮೇಲಿಂದ ಅಷ್ಟು ಜನ ಒಳಗೆ ಹೋಗ್ತಾರೆ. ಬಂದಿದ್ದು ಎಂಟು."

"ಛೇ!"

"ಛೇ ಏನಿಲ್ಲ. ವಾಪಸ್ ಬಂದು ಮತ್ತೆ ಊರ ಕೌನ್ಸಿಲ್ಲಿಗೆ ನಿಂತೆ. ಇವಳು ಕೆಳಗಿಳಿದಳು ಅಂತ ಪತ್ರಿಕೆಯವನು ಬರೆದ. ಅವನ ಬೀದಿಯ ಚರಂಡಿ ಕಟ್ಟಿಕೊಂಡಾಗ ನನಗೇ ಫೋನ್ ಮಾಡಿದ."

ಸಿಂಧು ಆ ಹೊತ್ತಿಗೆ ಫುಟ್‌ಪಾತಿನ ಬಗ್ಗೆ ಕೌನ್ಸಿಲ್ಲಿಗೆ ಹದಿನಾಲ್ಕು ಮೇಲ್ ಬರೆದಿದ್ದಳು. ಹದಿನಾಲ್ಕಕ್ಕೂ 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಉತ್ತರ. ಟ್ರೂಸಮ್ಮ ಕನ್ನಡಕ ಏರಿಸಿ ಎಲ್ಲವನ್ನೂ ಓದಿದಳು. "ಇದು ಯಾರ ಮೇಜಿನ ಮೇಲೂ ಇಲ್ಲದ ಫೈಲು. ಆ ಕಡೆ ಕೂತು ಇದನ್ನ ಎತ್ತಿ ಹಿಡಿಯೋರು ಒಬ್ಬರು ಬೇಕು" ಎಂದು, ಕನ್ನಡಕ ಮಡಚಿಟ್ಟು, "ಜೂನ್‌ನಲ್ಲಿ ಕೌನ್ಸಿಲ್ ಚುನಾವಣೆ. ನಾನು ನಿಲ್ತೀನಿ. ಪಕ್ಷ ಗಿಕ್ಷ ಬೇಡ. ಬಾಗಿಲು ತಟ್ಟೋಕೆ ನೀನು ಬರ್ತೀಯಾ?" ಎಂದಳು.

ಅಪರಿಚಿತರ ಬಾಗಿಲು ತಟ್ಟುವುದೆಂದರೆ ಸಿಂಧುವಿಗೆ ಆಗದ ಕೆಲಸ. ನಾಯಿ ಬಂದರೆ? ಅವಳ ಇಂಗ್ಲಿಷ್ ಕೇಳಿ ಮುಖ ತಿರುಗಿಸಿದರೆ? ಪಾಪು ಅತ್ತರೆ? ಮರುದಿನ ಬೆಳಿಗ್ಗೆ ಬೇಲಿಗೆ ಬೆನ್ನು ಕೊಟ್ಟು ಒಂದು ಜಲ್ಲಿ ಲಾರಿಯನ್ನು ದಾಟಿಸಿದ ಮೇಲೆ ಫೋನ್ ಮಾಡಿ, "ಬರ್ತೀನಿ" ಎಂದಳು.

ಸುದ್ದಿ ಎರಡು ದಿನದಲ್ಲಿ ಶಹನಾಜಳಿಗೆ ಮುಟ್ಟಿತು. ಶಹನಾಜ್ ಹುಬ್ಬಳ್ಳಿಯವಳು, ಅದೇ ಬಡಾವಣೆ, ಅವಳ ಮಗ ಅಯಾನ್ ಶ್ರೀನಿಧಿಯ ತರಗತಿಯಲ್ಲೇ ಇದ್ದ.

"ಏನವಾ ಸಿಂಧು, ಮಂದಿ ಮನಿ ಬಾಗ್ಲಾ ಬಡ್ಯಾಕ ಹತ್ತೀಯಂತ, ಖರೇನ?"

"ಹೂಂ ಕಣೇ. ನಿನಗೂ ಓಟಿದೆ, ಗೊತ್ತಾ?"

"ನಮಗೆಲ್ಲಿ ಓಟು? ನಮ್ಮ ಕೈಯಾಗ ಇನ್ನ ಇಂಡಿಯಾ ಪಾಸ್‌ಪೋರ್ಟೇ ಐತಿ."

"ಕೌನ್ಸಿಲ್ ಎಲೆಕ್ಷನ್‌ಗೆ ಅದು ಬೇಡ್ವಂತೆ. ಇಲ್ಲಿ ವಾಸ ಇದ್ರೆ ಸಾಕು. ಹೆಸರು ಬರೆಸಬೇಕು ಅಷ್ಟೇ."

"ಅಯ್ಯ, ಏಳು ವರ್ಷ ಆತು ಇಲ್ಲಿ ಬಂದು! ಯಾರೂ ಹೇಳೇ ಇಲ್ಲ ನೋಡು!" ಎಂದ ಶಹನಾಜ್ ಅಂದೇ ಗಂಡ ಶಫೀಯ ಕೈಯಲ್ಲಿ ಫಾರಂ ತುಂಬಿಸಿ, ವಾರದೊಳಗೆ ತನ್ನ ಪರಿಚಯದ ಮೂವತ್ತು ಮಂದಿಯ ಹೆಸರು ಬರೆಸಿಬಿಟ್ಟಳು.

ಆ ಏಪ್ರಿಲ್, ಮೇ ಇಡೀ ಸಂಜೆ ಐದರಿಂದ ಏಳೂವರೆಯವರೆಗೆ ಬಾಗಿಲುಗಳು. ಟ್ರೂಸಮ್ಮ ಮಾತಾಡುವುದು, ಸಿಂಧು ಬರೆದುಕೊಳ್ಳುವುದು. ಹೂಂ ಎಂದವರಿಗೆ ಹಸಿರು, ಅನುಮಾನಕ್ಕೆ ಹಳದಿ, ಇಲ್ಲ ಎಂದವರಿಗೆ ಕೆಂಪು. ಮನೆಗೆ ಬಂದು ಎಲ್ಲವನ್ನೂ ಲ್ಯಾಪ್‌ಟಾಪಿನ ಪಟ್ಟಿಗೆ ಏರಿಸುತ್ತಿದ್ದಳು. ಶಾಲೆಯ ದಿನಗಳಿಂದಲೂ ಅಚ್ಚುಕಟ್ಟಿಗೆ ಹೆಸರಾದವಳು. ಕೆಂಪು ಬಣ್ಣಕ್ಕೆ ಹೆಚ್ಚುಕಡಿಮೆ ಕೆಲಸವೇ ಇರಲಿಲ್ಲ. ಜನ ಎಷ್ಟು ಒಳ್ಳೆಯವರು! ಒಬ್ಬ ಅಜ್ಜಿ ಪಾಪುವಿಗೆ ಉಣ್ಣೆಯ ಟೋಪಿ ಕೊಟ್ಟಳು. ಕ್ರೌಲಿ ಗೇಟಿನ ಮೇಲೆ ಮೊಣಕೈ ಊರಿ, ನಾಯಿಯನ್ನು ಕಾಲಿನಿಂದ ತಡೆದು, ಎಲ್ಲ ಕೇಳಿಸಿಕೊಂಡ.

"ನಿಮ್ಮ ಕೈ ಬಿಡೋದಿಲ್ಲ ನಾವು" ಎಂದ.

"ಫುಟ್‌ಪಾತಿಗೆ ನಿಮ್ಮ ಹೊಲದ ಅಂಚು ಎರಡು ಮೀಟರ್ ಬೇಕಾಗುತ್ತೆ" ಎಂದಳು ಟ್ರೂಸಮ್ಮ, ಮುಖಕ್ಕೆ ಮುಖ ಕೊಟ್ಟು.

"ಅದಕ್ಕೇನಂತೆ. ಗ್ರ್ಯಾಂಡ್. ಹವಾ ಚೆನ್ನಾಗಿದೆ ಅಲ್ವಾ ಇವತ್ತು?"

ಇಲ್ಲಿನವರ ಬಾಯಲ್ಲಿ ಗ್ರ್ಯಾಂಡ್ ಎಂದರೆ 'ಆಯ್ತು, ಸರಿ'. ಸಿಂಧು ಎರಡು ಹಸಿರು ಗೀಟು ಎಳೆದಳು.

ಕೆಂಪು ಬಿದ್ದಿದ್ದು ಒಬ್ಬರಿಗೆ ಮಾತ್ರ. ಅಭಿಯ ಆಸ್ಪತ್ರೆಯ ಹಿರಿಯ ಡಾಕ್ಟರ್ ಕೃಷ್ಣಪ್ರಸಾದ್, ದಾವಣಗೆರೆಯವರು. ಕಾಫಿ, ಚಕ್ಕುಲಿ ಎಲ್ಲ ಕೊಟ್ಟು, ಕೊನೆಗೆ "ನೋಡೋಣಮ್ಮ" ಎಂದಿದ್ದರು. ನಮ್ಮವರ 'ನೋಡೋಣ' ಎಂದರೇನೆಂದು ಸಿಂಧುವಿಗೆ ಗೊತ್ತಿಲ್ಲವೇ?

ಮೇ ಮೂರನೆಯ ವಾರ ಪಟ್ಟಿಯಲ್ಲಿ ಸಾವಿರದ ಆರುನೂರ ಹನ್ನೆರಡು ಹಸಿರು. ಗೆಲ್ಲಲು ಹೆಚ್ಚೆಂದರೆ ಅಷ್ಟೇ ಸಾಕು. ಟ್ರೂಸಮ್ಮ ಬೆರಳಿಟ್ಟು ಸಾಲು ಸಾಲಾಗಿ ಓದಿದಳು. "ನಮ್ಮೂರಲ್ಲಿ ಓಟು ಹಾಕದಿದ್ರೆ ಹಾಕಲ್ಲ ಅಂತ ಬಾಗಿಲಲ್ಲೇ ಹೇಳ್ತಾರೆ. ಯಾಕೆ ಹಾಕಲ್ಲ ಅಂತಾನೂ ಹೇಳ್ತಾರೆ. ಇಷ್ಟು ಜನ ಹೂಂ ಅಂದಿದ್ದಾರೆ ಅಂದ್ರೆ..." ಎಂದು ಯೋಚಿಸಿ, "ಗುಡ್ಡದಾಚೆ ನಾವಿನ್ನೂ ಹೋಗದ ಮೂರು ಬಡಾವಣೆ ಇದೆಯಲ್ಲ, ಬಿಟ್ಟುಬಿಡೋಣ. ಉಳಿದ ದಿನ ಕೌನ್ಸಿಲ್ಲಿನ ಹಳೇ ನಕ್ಷೆಗಳನ್ನ ಓದ್ತೀನಿ. ಮೊದಲನೇ ದಿನವೇ ಕೆಲಸ ಶುರು ಮಾಡಬಹುದು" ಎಂದಳು.

ಸಿಂಧುವಿಗೆ ಹೆಮ್ಮೆಯಿಂದ ಎದೆಯುಬ್ಬಿತು. ತನ್ನ ಪಟ್ಟಿಯನ್ನು ನೋಡಿ ಒಬ್ಬ ಮಾಜಿ ಎಂಪಿ ನಿರ್ಧಾರ ತೆಗೆದುಕೊಳ್ಳುತ್ತಿದ್ದಾಳೆ!

ಜೂನ್‌ನಲ್ಲಿ ಮತದಾನ ಮುಗಿದು, ಎಣಿಕೆ ನಡೆದಿದ್ದು ದೊಡ್ಡ ಕ್ರೀಡಾಂಗಣವೊಂದರ ಒಳಾಂಗಣದಲ್ಲಿ. ಉದ್ದನೆಯ ಮೇಜುಗಳು, ಅವುಗಳ ಮುಂದೆ ಕಬ್ಬಿಣದ ಅಡ್ಡಗಟ್ಟೆ, ಅದಕ್ಕೆ ಒರಗಿಕೊಂಡು ಪೆನ್ಸಿಲ್ ಹಿಡಿದ, ಒಬ್ಬೊಬ್ಬ ಅಭ್ಯರ್ಥಿಯ ಕಡೆಯ ಮುದುಕರು. ಪೆಟ್ಟಿಗೆ ತೆರೆದು ಮತಪತ್ರಗಳನ್ನು ಬಿಡಿಸುತ್ತಿರುವಾಗಲೇ ಇವರು ದೂರದಿಂದ ಓದಿ ಗೀಟು ಹಾಕಿಕೊಳ್ಳುತ್ತಾರೆ. ಅಧಿಕಾರಿಗಳು ಹೇಳುವ ಮೊದಲೇ ಯಾರ ಕಥೆ ಏನೆಂದು ಇವರಿಗೆ ಗೊತ್ತಾಗಿರುತ್ತದೆ. ಸಿಂಧು ಪಾಪುವನ್ನು ಸೊಂಟಕ್ಕೇರಿಸಿ ಅವರ ನಡುವೆ ನಿಂತಳು. ಹದಿನೆಂಟು ಅಭ್ಯರ್ಥಿಗಳು, ಆರು ಸ್ಥಾನ.

ಮೊದಲ ಸುತ್ತಿನಲ್ಲಿ ಟ್ರೂಸ್ ಫೇನ್‌ಸ್ತ್ರಾ: ನಾನೂರ ಮೂರು.

ಇನ್ನೊಂದು ಮೇಜಿನಲ್ಲಿ ಇನ್ನೂ ಇರಬಹುದು ಎಂದುಕೊಂಡಳು. ಇರಲಿಲ್ಲ. ಕೈಯಲ್ಲಿದ್ದ ಹಸಿರು ಪಟ್ಟಿಯನ್ನು ಮೊದಲ ಸಾಲಿನಿಂದ ಮತ್ತೆ ಓದತೊಡಗಿದಳು. ಪಕ್ಕದ ಮುದುಕ ಅವಳ ಹೆಗಲ ಮೇಲಿಂದ ಇಣುಕಿ ನೋಡಿ, "ಏನಿದು ಮಗಳೇ?" ಎಂದ.

"ಹಾಕ್ತೀವಿ ಅಂತ ಹೇಳಿದೋರ ಪಟ್ಟಿ."

"ಎಲ್ಲರೂ?" ಅವನು ಪೆನ್ಸಿಲ್ಲಿನ ಹಿಂಬದಿಯಿಂದ ಕಿವಿ ತುರಿಸಿಕೊಂಡ. ನಗು ತಡೆಯಲು ಹೆಣಗುತ್ತಿದ್ದ. "ಅಮ್ಮಾ ತಾಯಿ, ಇವರೆಲ್ಲ ನನ್ನ ಕ್ಯಾಂಡಿಡೇಟಿಗೂ ಹೂಂ ಅಂದಿದ್ದಾರೆ. ಹದಿನೆಂಟು ಜನಕ್ಕೂ ಅಂದಿರ್ತಾರೆ. ಮನೆ ಬಾಗಿಲಿಗೆ ಬಂದೋರಿಗೆ ಇಲ್ಲ ಅನ್ನೋಕಾಗುತ್ತಾ?"

ಸಿಂಧು ಪಟ್ಟಿಯನ್ನು ಮಡಚಿಕೊಂಡಳು. ಮದುವೆಗೆ ಕರೆಯಲು ಬಂದವರಿಗೆಲ್ಲ "ಬರ್ತೀವಿ ಬರ್ತೀವಿ, ತಪ್ಪದೆ ಬರ್ತೀವಿ" ಎಂದು ಕುಂಕುಮ ಕೊಟ್ಟು ಕಳಿಸಿ, ಬಾಗಿಲು ಹಾಕಿಕೊಂಡ ಮೇಲೆ "ಅವತ್ತು ಎಲ್ಲಾಗುತ್ತೆ" ಎನ್ನುತ್ತಿದ್ದ ತನ್ನ ತಾಯಿ ನೆನಪಾದಳು. ರಾಜಾಜಿನಗರದಲ್ಲಿ ಇಪ್ಪತ್ತನಾಲ್ಕು ವರ್ಷ ಆ ಮಾತನ್ನು ಕೇಳಿಕೊಂಡು ಬೆಳೆದವಳು, ಅದೇ ಮಾತು ಇಂಗ್ಲಿಷಿನಲ್ಲಿ ಬಂದ ಕೂಡಲೇ ಪತ್ರದ ಮೇಲೆ ಬರೆದುಕೊಟ್ಟಂತೆ ನಂಬಿದ್ದಳು!

"ಸುಳ್ಳು ಹೇಳಿದಾರೆ ಅಂದ್ಕೋಬೇಡ ಮತ್ತೆ" ಎಂದ ಮುದುಕ. "ಎಲ್ಲರೂ ನಿಮ್ಮ ಕ್ಯಾಂಡಿಡೇಟಿಗೂ ಏನಾದ್ರೂ ಕೊಟ್ಟಿದ್ದಾರೆ. ನಾಲ್ಕೋ ಐದೋ ಆರೋ. ಸಂಜೆವರೆಗೂ ನಿಲ್ಲು, ಗೊತ್ತಾಗುತ್ತೆ."

ಇಲ್ಲಿನ ಮತಪತ್ರದಲ್ಲಿ ಒಬ್ಬರಿಗೆ ಗುರುತು ಹಾಕಿ ಬರುವುದಲ್ಲ. ಮೊದಲ ಆಯ್ಕೆಗೆ ಒಂದು, ಎರಡನೆಯದಕ್ಕೆ ಎರಡು, ಹೀಗೆ ಮನಸ್ಸಿದ್ದಷ್ಟು ಜನಕ್ಕೆ ಅಂಕೆ ಕೊಡಬಹುದು. ಎಲ್ಲರಿಗಿಂತ ಕಡಿಮೆ ಬಂದವರನ್ನು ಹೊರಗಿಟ್ಟು, ಅವರ ಪತ್ರಗಳನ್ನು ಮುಂದಿನ ಅಂಕೆಯವರಿಗೆ ಹಂಚುತ್ತಾರೆ. ಸುತ್ತು ಮುಗಿದಂತೆಲ್ಲ ಮುದುಕನ ಮಾತು ನಿಜವಾಗತೊಡಗಿತು. ಐದನೆಯ ಸುತ್ತಿಗೆ ಐನೂರ ಇಪ್ಪತ್ತು. ಎಂಟಕ್ಕೆ ಏಳುನೂರ ಅರವತ್ತು. ಟೋಪಿ ಕೊಟ್ಟ ಅಜ್ಜಿಯಂಥವರು ಎಲ್ಲೆಲ್ಲಿಂದಲೋ ಒಬ್ಬೊಬ್ಬರಾಗಿ ಬರುತ್ತಿದ್ದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಐದು ಸ್ಥಾನ ತುಂಬಿ, ಆರನೆಯದಕ್ಕೆ ಇಬ್ಬರು ಉಳಿದರು: ಹದಿನೈದು ವರ್ಷದಿಂದ ಕೌನ್ಸಿಲರ್ ಆಗಿದ್ದ ಡೀಸಿ, ಮತ್ತು ಟ್ರೂಸಮ್ಮ. ಶಹನಾಜ್ ಅಯಾನ್‌ನನ್ನೂ ಶ್ರೀನಿಧಿಯನ್ನೂ ಎರಡು ಕೈಯಲ್ಲಿ ಹಿಡಿದು, "ಯಾ ಅಲ್ಲಾ, ಇನ್ನೊಂದೀಟು, ಇನ್ನೊಂದೀಟು" ಎನ್ನುತ್ತಿದ್ದಳು.

ಮೂವತ್ತೆಂಟು ಓಟಿನಿಂದ ಡೀಸಿ ಗೆದ್ದ.

ಸಿಂಧು ಕಾರ್ ಪಾರ್ಕಿಗೆ ಹೋಗಿ ಅತ್ತಳು. ಮೂರು ಬಡಾವಣೆ, ಆರುನೂರು ಮನೆ. ಮೂವತ್ತೆಂಟು ಜನ ಅಲ್ಲಿ ಸಿಗುತ್ತಿರಲಿಲ್ಲವೇ? ಟ್ರೂಸಮ್ಮ ಹುಡುಕಿಕೊಂಡು ಬಂದು ಪಕ್ಕದಲ್ಲಿ ನಿಂತಳು.

"ನನ್ನಿಂದ ಆಗಿದ್ದು" ಎಂದಳು ಸಿಂಧು.

"ಹೌದು, ಅಲ್ಲಿಗೆ ಹೋಗಬೇಕಿತ್ತು." ಅವಳು ಸಮಾಧಾನಕ್ಕೂ ಸುಳ್ಳು ಹೇಳುವವಳಲ್ಲ. "ಪಟ್ಟಿ ಮಾಡಿದ್ದು ನೀನು. ನಂಬಿದ್ದು ನಾನು. ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದು ಯಾರು, ನೀನಾ? ಎಂಟು ಜನ ಒಳಗೆ ಹೋದಾಗ ಒಂಬತ್ತನೆಯವಳಾದೆ. ಆರು ಜನ ಹೋದಾಗ ಏಳನೆಯವಳು. ಸುಧಾರಿಸ್ತಾ ಇದ್ದೀನಿ." ಜಾಕೆಟ್ಟಿನ ಜೇಬಿನಿಂದ ಕರ್ಚೀಫು ತೆಗೆದು ಕೊಟ್ಟಳು. "ಆ ಡೀಸಿಯ ಮುಖ ನೋಡಿದೆಯಾ? ಗೆದ್ದೋನ ಮುಖ ಅಲ್ಲ ಅದು. ಮೂವತ್ತೆಂಟು ಓಟಿಂದ ಗೆದ್ದೋನು ಐದು ವರ್ಷ ಸರಿಯಾಗಿ ನಿದ್ದೆ ಮಾಡಲ್ಲ. ಬಾ, ಅವನ ಕೈ ಕುಲುಕೋಣ."

ಅವಳ ಲೆಕ್ಕ ಈ ಸಲ ತಪ್ಪಲಿಲ್ಲ. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಡೀಸಿ ತಾನಾಗಿಯೇ ಫೋನ್ ಮಾಡಿದ. ಟ್ರೂಸಮ್ಮ ತಾನು ಓದಿಟ್ಟಿದ್ದ ಹಳೆಯ ನಕ್ಷೆಗಳನ್ನೂ, ಜಾಗದ ಅಳತೆಯನ್ನೂ, ಸಿಂಧುವಿನ ಹದಿನಾಲ್ಕು ಮೇಲ್‌ಗಳನ್ನೂ ಒಂದು ಫೈಲು ಮಾಡಿ ಕೊಟ್ಟಳು. ಅಕ್ಟೋಬರಿನ ಕೌನ್ಸಿಲ್ ಸಭೆಯಲ್ಲಿ ಅವನು ವಿಷಯ ಮಂಡಿಸಿದ. ಸಾರ್ವಜನಿಕರ ಸಾಲಿನಲ್ಲಿ ಫ್ಲಾಸ್ಕು ಹಿಡಿದು ಕೂತಿದ್ದ ಟ್ರೂಸಮ್ಮ, ಅವನು ಅಂಕಿ ತಪ್ಪಿದಾಗೆಲ್ಲ ಗಂಟಲು ಸರಿಮಾಡಿಕೊಂಡಳು. ಕೆಲಸಕ್ಕೆ ಒಪ್ಪಿಗೆ ಸಿಕ್ಕಿತು. ಒಂದೇ ಷರತ್ತು, ಕ್ರೌಲಿಯ ಸಹಿ. ಅದೂ ಫೆಬ್ರವರಿ ಮುಗಿಯುವುದರೊಳಗೆ. ಮಾರ್ಚ್ ಒಂದರಿಂದ ಹಕ್ಕಿಗಳು ಗೂಡು ಕಟ್ಟುವ ಕಾಲ, ಆಗಸ್ಟ್ ಮುಗಿಯುವವರೆಗೆ ಬೇಲಿ ಕಡಿಯುವ ಹಾಗಿಲ್ಲ.

ಇಂಜಿನಿಯರು ಹೋದ. ಕ್ರೌಲಿ "ಗ್ರ್ಯಾಂಡ್" ಎಂದ. ಡೀಸಿ ಹೋದ. "ಗ್ರ್ಯಾಂಡ್, ಗ್ರ್ಯಾಂಡ್" ಎಂದ. ಕಾಗದ ಮಾತ್ರ ನವೆಂಬರಿನಿಂದ ಅವನ ಅಡುಗೆಮನೆಯ ರೇಡಿಯೋ ಕೆಳಗೆ ಸಹಿ ಇಲ್ಲದೆ ಬಿದ್ದಿತ್ತು. ಜನವರಿ ಕಳೆಯಿತು. ಈ ಬಾರಿ ಆಗದಿದ್ದರೆ ಇನ್ನೊಂದು ಚಳಿಗಾಲ. ಅಷ್ಟರಲ್ಲಿ ಪಾಪು ನಡೆಯತೊಡಗಿದ್ದಳು, ಗಾಡಿಯಲ್ಲಿ ಕೂರಲೊಲ್ಲಳು. ರಸ್ತೆ ಕಂಡರೆ ಕೈ ಕಿತ್ತುಕೊಂಡು ಓಡುವ ವಯಸ್ಸು. ಸಿಂಧು ಕಣ್ಣು ಮುಚ್ಚಿದರೆ ಲಾರಿಯೇ ಕಾಣುತ್ತಿತ್ತು.

ಫೆಬ್ರವರಿ ಎರಡನೆಯ ಶನಿವಾರ ಬೆಳಿಗ್ಗೆ ಇಬ್ಬರೂ ಕ್ರೌಲಿಯ ಮನೆಗೆ ಹೋದರು. ಚಹಾ ಬಂತು, ಬೆಣ್ಣೆ ಹಚ್ಚಿದ ಬ್ರೆಡ್ಡು ಬಂತು. ಟ್ರೂಸಮ್ಮ ಸ್ಕೇಲಿಟ್ಟು ಗೀಟೆಳೆದ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಎರಡು ಮೀಟರ್ ಅಗಲ, ಹೊಸ ಬೇಲಿ ಕೌನ್ಸಿಲ್ಲಿನ ಖರ್ಚು, ಎಂದು ಎಲ್ಲ ವಿವರಿಸಿದಳು.

"ಗ್ರ್ಯಾಂಡ್" ಎಂದ ಕ್ರೌಲಿ, ಕಿಟಕಿಯ ಕಡೆ ನೋಡುತ್ತ.

ಹಿಂದಿನ ವರ್ಷವಾಗಿದ್ದರೆ ಸಿಂಧು ಹಸಿರು ಗೀಟು ಹಾಕುತ್ತಿದ್ದಳು. ಈಗ ಅವನ ಕಣ್ಣನ್ನು ನೋಡಿದಳು. ಅವನು ನಕ್ಷೆಯನ್ನು ಒಮ್ಮೆಯೂ ನೋಡಿರಲಿಲ್ಲ.

"ಮಿಸ್ಟರ್ ಕ್ರೌಲಿ, ಬೇಲಿ ಹತ್ರ ಒಂದ್ಸಲ ಹೋಗಿ ಬರೋಣ್ವಾ? ಎಲ್ಲಿಂದ ಎಲ್ಲಿಗೆ ಅಂತ ನೀವೇ ತೋರಿಸಿ."

ಅವನು ಟೋಪಿ ಹಾಕಿಕೊಂಡು ಹೊರಟ. ಹೊಲದ ಕಡೆಯಿಂದ ಅವಳು ಆ ಬೇಲಿಯನ್ನು ನೋಡಿದ್ದು ಇದೇ ಮೊದಲು. ಉದ್ದಕ್ಕೂ ಅಚ್ಚುಕಟ್ಟಾಗಿ ಕತ್ತರಿಸಿದ ಬೇಲಿ. ಆದರೆ ನಡುವೆ ಒಂದು ಕಡೆ, ಹಾಥಾರ್ನ್ ಎಂಬ ಮುಳ್ಳಿನ ಮರವೊಂದು ತನ್ನ ಪಾಡಿಗೆ ತಾನು ಬೆಳೆದು, ಗಾಳಿಗೆ ಒಂದು ಮಗ್ಗುಲಿಗೆ ವಾಲಿ ನಿಂತಿತ್ತು. ಅದಕ್ಕೆ ಕತ್ತರಿ ತಾಗಿರಲಿಲ್ಲ. ಬುಡದ ಸುತ್ತ ನೇಗಿಲೂ ತಾಗಿರಲಿಲ್ಲ. ಕ್ರೌಲಿ ಹತ್ತು ಹೆಜ್ಜೆ ದೂರದಲ್ಲೇ ನಿಂತ. ನಾಯಿಯೂ ನಿಂತಿತು.

"ಈ ಮರ ಯಾಕೆ ಬಿಟ್ಟಿದ್ದೀರಿ?"

"ಅಪ್ಪ ಮುಟ್ಟಲಿಲ್ಲ" ಎಂದ. "ನಾನೂ ಮುಟ್ಟಿಲ್ಲ."

"ಇಂಜಿನಿಯರ್‌ಗೆ ಹೇಳಿದ್ರಾ?"

"ಏನಂತ ಹೇಳಲಿ? ಇದು 'ಅವರ' ಮರ, ಕಡಿದ್ರೆ ಒಳ್ಳೇದಾಗಲ್ಲ ಅಂತಲಾ? ಆ ಹುಡುಗ ಹೆಲ್ಮೆಟ್ ಹಾಕ್ಕೊಂಡು, ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಬಂದಿದ್ದ. ಹೇಳಿದ್ದಿದ್ರೆ ಊರೆಲ್ಲ ನಗಿಸ್ತಿದ್ದ. ನಾನೇನು ನಂಬ್ತೀನಿ ಅಂತಲ್ಲ." ಅವನು ನೆಲ ನೋಡಿದ. "ಆದ್ರೂ ಕಡಿಯಲ್ಲ."

ಹೆಸರು ಹಿಡಿದು ಹೇಳಬಾರದ, ಕಣ್ಣಿಗೆ ಕಾಣದ ಆ 'ಅವರು' ಯಾರೆಂದು ಸಿಂಧು ಕೇಳಲಿಲ್ಲ. ಕೇಳುವ ಅಗತ್ಯ ಕಾಣಲಿಲ್ಲ.

"ನಮ್ಮ ಬೀದಿ ಮಧ್ಯದಲ್ಲಿ ಒಂದು ಅರಳಿಮರ ಇದೆ" ಎಂದಳು. "ಬೆಂಗಳೂರಲ್ಲಿ. ಕೆಳಗೆ ನಾಗರಕಲ್ಲು. ರಸ್ತೆ ಅಗಲ ಮಾಡೋಕೆ ಬಂದೋರು ಯಾರೂ ಅದಕ್ಕೆ ಕೊಡಲಿ ಹಾಕಲಿಲ್ಲ. ಸುತ್ತ ಕಟ್ಟೆ ಕಟ್ಟಿ, ರಸ್ತೆನೇ ಬಳಸಿಕೊಂಡು ಹೋಗುತ್ತೆ."

ಕ್ರೌಲಿ ಮೊದಲ ಬಾರಿಗೆ ಅವಳನ್ನು ನೆಟ್ಟಗೆ ನೋಡಿದ. "ಬಸ್ಸು?"

"ಬಸ್ಸೂ ಬಳಸಿಕೊಂಡೇ ಹೋಗಬೇಕು. ಡ್ರೈವರ್ ದಿನಾ ಕೈ ಮುಗೀತಾನೆ."

"ಇಂಜಿನಿಯರ್‌ಗಳು ಒಪ್ಪಿದ್ರಾ?"

"ಅವರೇ ಮೊದಲು ಕೈ ಮುಗಿದಿದ್ದು."

ಮುದುಕ ಹೊಟ್ಟೆ ಕುಲುಕುವಂತೆ ನಕ್ಕ. ಟ್ರೂಸಮ್ಮ ಇನ್ನೂ ನಕ್ಷೆಯಲ್ಲೇ ಇದ್ದಳು. "ಇದರಲ್ಲಿ ಮರವೇ ಇಲ್ಲ" ಎಂದಳು, ನಕ್ಷೆ ತನಗೆ ಮೋಸ ಮಾಡಿತೆಂಬಂತೆ. "ಮೂವತ್ತು ವರ್ಷ. ಜನರನ್ನ ಹೊಲಕ್ಕೆ ಕರ್ಕೊಂಡು ಹೋಗಿ ಕೇಳಬೇಕು ಅಂತ ನನಗೆ ಒಂದು ದಿನವೂ ಹೊಳೀಲಿಲ್ಲ. ನಮ್ಮಲ್ಲಿ ಇಂಥದ್ದಿದ್ರೆ ಅರ್ಜಿಯಲ್ಲೇ ಬರೀತಾರೆ." ಆಮೇಲೆ ರಬ್ಬರ್ ತೆಗೆದು, ಸ್ಕೇಲಿನ ಗೀಟನ್ನು ಮರ ಇರುವಲ್ಲಿ ಉಜ್ಜಿ ಅಳಿಸಿ, ಪೆನ್ಸಿಲ್ಲನ್ನು ಕ್ರೌಲಿಯ ಕೈಗೆ ಕೊಟ್ಟಳು. "ನೀವೇ ಎಳೀರಿ."

ಕ್ರೌಲಿ ಅಲ್ಲೇ ಇದ್ದ ಹೊಲದ ಗೇಟಿನ ಕಂಬದ ಮೇಲೆ ಕಾಗದ ಇಟ್ಟು, ನಾಲಿಗೆ ಕಚ್ಚಿಕೊಂಡು, ಮರಕ್ಕೆ ನಾಲ್ಕು ಮಾರು ದೂರ ಬಿಟ್ಟು ಒಳಕ್ಕೆ ಒಂದು ದೊಡ್ಡ ಬಾಗು ಎಳೆದ.

"ಇದಕ್ಕೆ ನಿಮ್ಮ ಹೊಲ ಇನ್ನೂ ಹೆಚ್ಚು ಹೋಗುತ್ತೆ" ಎಂದು ಟ್ರೂಸಮ್ಮ ಎಚ್ಚರಿಸಿದಳು.

"ಹೋಗ್ಲಿ" ಎಂದ. ಗ್ರ್ಯಾಂಡ್ ಎನ್ನಲಿಲ್ಲ. ಅಲ್ಲೇ, ಕಂಬದ ಮೇಲೆಯೇ, ನಕ್ಷೆಗೆ ಸಹಿ ಹಾಕಿದ.

ಹೊಸ ನಕ್ಷೆ ಹಿಡಿದು ಡೀಸಿ ಒಂದು ವಾರ ಕಚೇರಿಯಿಂದ ಕಚೇರಿಗೆ ಓಡಿದ. ಹಿಂದೆ ಟ್ರೂಸಮ್ಮನ ಫೋನುಗಳು. ಫೆಬ್ರವರಿ ಇಪ್ಪತ್ತಾರರ ಬೆಳಿಗ್ಗೆ ಕಿತ್ತಳೆ ಬಣ್ಣದ ಯಂತ್ರವೊಂದು ಬಂದು ಬೇಲಿಗೆ ಬಾಯಿ ಹಾಕಿತು. ಮೂರು ಗಂಟೆಗೆ ಶ್ರೀನಿಧಿಯನ್ನು ಕರೆತರಲು ಸಿಂಧು ಮನೆಯಿಂದ ಹೊರಟಾಗ ಮರದವರೆಗೂ, ಮರದಾಚೆಗೂ ಬೇಲಿ ಮಾಯವಾಗಿತ್ತು. ಅಗೆದ ಮಣ್ಣಿನ ಮೇಲೆ ಗೂಟ ಹೊಡೆದು ಹಗ್ಗ ಕಟ್ಟಿದ್ದರು. ಹಗ್ಗ ನೆಟ್ಟಗೆ ಹೋಗಿ, ಮರದ ಹತ್ತಿರ ಹೊಲದೊಳಕ್ಕೆ ಸರಿದು, ಮತ್ತೆ ರಸ್ತೆಗೆ ಬರುತ್ತಿತ್ತು.

ಅವಳು ಬಡಾವಣೆಯ ಫುಟ್‌ಪಾತ್ ಮುಗಿಯುವಲ್ಲಿ ಪಾಪುವಿನ ಕೈ ಹಿಡಿದು ನಿಂತಳು. ಎದುರಿಗೇ ಶಾಲೆಯ ಗೇಟು ಕಾಣುತ್ತಿತ್ತು. ಗೇಟಿನ ನೀಲಿ ಬಣ್ಣ, ಅದರ ಪಕ್ಕ ಕೈ ಬೀಸುತ್ತಿದ್ದ ಶಹನಾಜ್, ಎಲ್ಲ ಸ್ಪಷ್ಟವಾಗಿ. ಇಷ್ಟು ಹತ್ತಿರವಿತ್ತೆಂದು ಇಷ್ಟು ದಿನ ಅವಳಿಗೆ ಗೊತ್ತೇ ಇರಲಿಲ್ಲ.

ಹಳದಿ ಜಾಕೆಟ್ಟಿನ ಟ್ರೂಸಮ್ಮ ಆಗಲೇ ಅಗೆದ ಮಣ್ಣಿನಲ್ಲಿ ಮೊಣಕಾಲೂರಿ, ಸಣ್ಣ ಮಟ್ಟಗೋಲೊಂದನ್ನು ಇಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಅವಳ ಮುಂದೆ ಮೇಸ್ತ್ರಿ ಕೈಕಟ್ಟಿ ನಿಂತಿದ್ದ.

"ಇಳಿಜಾರು ರಸ್ತೆ ಕಡೆ ಕೊಟ್ಟಿದ್ದೀರಿ" ಎನ್ನುತ್ತಿದ್ದಳು. "ನೀರು ಅಲ್ಲಿ ನಿಲ್ಲುತ್ತೆ, ಚಳಿಗಾಲಕ್ಕೆ ಐಸ್ ಆಗುತ್ತೆ, ಮಕ್ಕಳು ಜಾರ್ತಾರೆ. ಹೊಲದ ಕಡೆ ತಿರುಗಿಸಿ."

"ಇವರು ಕೌನ್ಸಿಲ್‌ನವರಾ?" ಎಂದು ಮೇಸ್ತ್ರಿ ಸಿಂಧುವನ್ನು ಕೇಳಿದ.

"ಅಲ್ಲ" ಎಂದಳು ಸಿಂಧು. "ಆದ್ರೂ ಅವರು ಹೇಳಿದ ಹಾಗೆ ಮಾಡಿಬಿಡಿ. ಇಲ್ಲದಿದ್ರೆ ನಾಳೆನೂ ಬರ್ತಾರೆ."